ರಾತ್ರಿ ಕಯಾಕ್ ನಡೆಸಲು ಹೆಡ್‌ಲ್ಯಾಂಪ್ ಒಂದೇ ಸಾಕೇ?

ಕತ್ತಲಾದ ಮೇಲೆ ಕಯಾಕ್, ಅಂದರೆ ಹುಟ್ಟು ಹಾಕಿ ಸಾಗುವ ಕಿರಿದಾದ ಸಣ್ಣ ದೋಣಿ, ನಡೆಸುವಾಗ ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಸಾಕೇ, ಅದರ ಜೊತೆಗೆ ಮಿನುಗುವ ದೀಪವನ್ನೂ ಹಾಕಿಕೊಂಡರೆ ಇನ್ನಷ್ಟು ಸುರಕ್ಷಿತವೇ ಎಂದು ನೀವು ಕೇಳಿದ್ದೀರಿ. ಹೆಡ್‌ಲ್ಯಾಂಪ್ ಸಾಲದು, ಮಿನುಗುವ ದೀಪವನ್ನು ದಾರಿಯುದ್ದಕ್ಕೂ ಉರಿಸುತ್ತ ಹೋಗಲೂಬಾರದು. ಈ ಎರಡು ತಪ್ಪುಗಳನ್ನೂ ನಾನೇ ಮಾಡಿ ಕಲಿತವನಾದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರಾತ್ರಿ ನೀರಿನ ಮೇಲೆ ನಾವು ಬೇರೆಯವರ ಕಣ್ಣಿಗೆ ಬೀಳಬೇಕು, ನಮ್ಮ ಕಣ್ಣಿಗೂ ಎದುರಿನದು ಕಾಣಬೇಕು. ತೊಡಕೆಂದರೆ, ಮೊದಲನೆಯದಕ್ಕೆಂದು ಹಚ್ಚಿದ ದೀಪವೇ ಎರಡನೆಯದನ್ನು ಕೆಡಿಸುತ್ತದೆ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ಪ್ರಖರವಾದ ಬಿಳಿ ಬೆಳಕು ಅದನ್ನು ಕೆಲವೇ ಕ್ಷಣಗಳಲ್ಲಿ ಹಾಳುಮಾಡುತ್ತದೆ. ಮೊದಲ ಬಾರಿ ರಾತ್ರಿ ಹೊರಟಾಗ ನಾನು ದೀಪವನ್ನು ಕೈಗೆಟಕಲಿ ಎಂದು ಮುಂದಿನ ಡೆಕ್ಕಿನ ಮೇಲೆ ಕಟ್ಟಿದ್ದೆ. ಹುಟ್ಟಿನಿಂದ ಸಿಡಿದ ಹನಿಗಳು, ಒದ್ದೆಯಾದ ಡೆಕ್ಕಿನ ಹಗ್ಗ, ನನ್ನ ಬೆರಳುಗಳು ಎಲ್ಲವೂ ಬೆಳ್ಳಗೆ ಹೊಳೆಯುತ್ತಿದ್ದವು; ಕಯಾಕಿನ ಮೂತಿಯಿಂದಾಚೆ ಏನೇನೂ ಕಾಣುತ್ತಿರಲಿಲ್ಲ. ಅಷ್ಟು ಸಾಲದೆಂಬಂತೆ ಹಿಂದೆ ಬರುತ್ತಿದ್ದ ಗೆಳೆಯ, “ನಿನ್ನ ದೀಪ ಆರಿಹೋಯಿತೇನೋ?” ಎಂದು ಕೂಗಿದ. ದೀಪ ಉರಿಯುತ್ತಲೇ ಇತ್ತು, ನನ್ನ ಬೆನ್ನು ಅದನ್ನು ಮರೆಮಾಡಿತ್ತು.

ಆದ್ದರಿಂದ ಸುತ್ತಲೂ 360 ಡಿಗ್ರಿ ಬೆಳಕು ಚೆಲ್ಲುವ ಬಿಳಿ ದೀಪವೊಂದನ್ನು ಆಸನದ ಹಿಂದೆ, ಕೋಲಿನ ಮೇಲೆ, ನಿಮ್ಮ ತಲೆಗಿಂತ ಮೇಲಕ್ಕೆ ಬರುವಂತೆ ನಿಲ್ಲಿಸಿ. ಅದರ ಬುಡಕ್ಕೆ ಕಪ್ಪು ರಟ್ಟಿನದೋ ರಬ್ಬರಿನದೋ ಒಂದು ಬಿಲ್ಲೆಯನ್ನು ತೊಡಿಸಿದರೆ ಬೆಳಕು ಡೆಕ್ಕಿನ ಮೇಲೆ ಬಿದ್ದು ನಿಮ್ಮ ಕಣ್ಣಿಗೆ ಕುಕ್ಕುವುದಿಲ್ಲ. ಹೊರಡುವ ಮೊದಲು ಒಬ್ಬರನ್ನು ಕಯಾಕಿನಲ್ಲಿ ಕೂರಿಸಿ, ದಡದ ಮೇಲೆ ಇನ್ನೂರು ಹೆಜ್ಜೆ ದೂರ ಹೋಗಿ, ಬೇರೆ ಬೇರೆ ಮಗ್ಗುಲಿನಿಂದ ತಿರುಗಿ ನೋಡಿ. ದೀಪ ಎಲ್ಲಿ ಮರೆಯಾಗುತ್ತದೆಂಬುದು ಅಲ್ಲಿಯೇ ತಿಳಿಯುತ್ತದೆ. ಹೆಡ್‌ಲ್ಯಾಂಪನ್ನು ನಾನು ಕೊಂಡೊಯ್ಯುತ್ತೇನೆ, ಆದರೆ ಆರಿಸಿಯೇ ಇಟ್ಟಿರುತ್ತೇನೆ. ಅದು ನೀವು ತಿರುಗಿದತ್ತ ತಿರುಗುವ ದೀಪ; ಜೊತೆಗಾರರ ಮುಖ ನೋಡಿದೊಡನೆ ಅವರ ಕಣ್ಣು ಕತ್ತಲಿಡುತ್ತದೆ. ನಕ್ಷೆ ನೋಡಲು ಮಂದವಾದ ಕೆಂಪು ಬೆಳಕು ಸಾಕು.

1972ರ ಅಂತರರಾಷ್ಟ್ರೀಯ ನೌಕಾ ಘರ್ಷಣೆ ತಡೆ ನಿಯಮಗಳಲ್ಲಿ 25ನೆಯದು, ಹುಟ್ಟು ಹಾಕಿ ನಡೆಸುವ ದೋಣಿ ಹಾಯಿದೋಣಿಯ ದೀಪಗಳನ್ನು ತೋರಿಸಬಹುದು, ಇಲ್ಲವಾದರೆ ಬಿಳಿ ಬೆಳಕಿನ ಟಾರ್ಚನ್ನೋ ಲಾಟೀನನ್ನೋ ಕೈಗೆ ಸಿಗುವಂತೆ ಇಟ್ಟುಕೊಂಡು ಘರ್ಷಣೆ ತಪ್ಪಿಸಲು ಸಾಕಾಗುವಷ್ಟು ಮುಂಚೆಯೇ ತೋರಿಸಬೇಕು ಎನ್ನುತ್ತದೆ. ಅಂದರೆ ನಿಯಮದ ಮಟ್ಟಿಗೆ ಒಂದು ಟಾರ್ಚ್ ಸಾಕು. ನನ್ನ ಮಟ್ಟಿಗೆ ಕೋಲಿನ ದೀಪವೂ ಬೇಕು, ಲೈಫ್ ಜಾಕೆಟ್ಟಿಗೆ ದಾರದಿಂದ ಕಟ್ಟಿದ ಟಾರ್ಚೂ ಬೇಕು. ಸ್ಥಳೀಯ ನಿಯಮಗಳು ಇದಕ್ಕಿಂತ ಬಿಗಿಯಾಗಿರಬಹುದು, ಕೆಲವು ನೀರುಗಳಲ್ಲಿ ರಾತ್ರಿ ಸಂಚಾರವೇ ನಿಷಿದ್ಧವಾಗಿರಬಹುದು, ಅದನ್ನು ಮೊದಲೇ ವಿಚಾರಿಸಿ. ಮಿನುಗುವ ದೀಪದ ಬಗ್ಗೆಯೂ ಅದೇ ನಿಯಮಾವಳಿಯಲ್ಲಿ ಮಾತಿದೆ: ಗಮನ ಸೆಳೆಯಲು ಪ್ರಖರವಾಗಿ ಮಿನುಗುವ ದೀಪಗಳನ್ನು ಬಳಸದಿರಬೇಕೆಂದು 36ನೆಯ ನಿಯಮ ಹೇಳುತ್ತದೆ. ಮಿನುಗು ಎಷ್ಟು ದೂರದಲ್ಲಿದೆ, ಎತ್ತ ಸಾಗುತ್ತಿದೆ ಎಂದು ನೋಡುವವನಿಗೆ ಅಂದಾಜು ಸಿಗುವುದಿಲ್ಲ. ಮೇಲಾಗಿ ಅದನ್ನು ಕಂಡವರು ಯಾರೋ ಅಪಾಯದಲ್ಲಿದ್ದಾರೆಂದು ಓಡಿ ಬರಬಹುದು. ಅದನ್ನು ಲೈಫ್ ಜಾಕೆಟ್ಟಿನ ಭುಜಕ್ಕೆ ಸಿಕ್ಕಿಸಿ, ನೀರಿಗೆ ಬಿದ್ದಾಗಿನ ಬಳಕೆಗೆಂದೇ ಮೀಸಲಿಡಿ. ಹುಟ್ಟಿನ ಅಲಗುಗಳಿಗೂ ಕಯಾಕಿನ ಅಡಿಭಾಗಕ್ಕೂ ಪ್ರತಿಫಲಕ ಟೇಪ್ ಅಂಟಿಸುವುದು ಒಳ್ಳೆಯದೇ, ಆದರೆ ಯಾರಾದರೂ ನಿಮ್ಮತ್ತ ದೀಪ ಹಿಡಿದಾಗ ಮಾತ್ರ ಅದು ಹೊಳೆಯುತ್ತದೆ. ನಿಮ್ಮನ್ನು ಹುಡುಕುವವರಿಗೆ ಅದರಿಂದ ಉಪಕಾರ, ನಿಮ್ಮ ಇರವೇ ತಿಳಿಯದವರಿಗೆ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮೋಟಾರು ದೋಣಿಯವನು ನಿಮ್ಮನ್ನು ನೋಡಿಲ್ಲವೆಂದೇ ಎಣಿಸಿ ಹುಟ್ಟು ಹಾಕಬೇಕು. ನಿಮ್ಮ ಬೆನ್ನ ಹಿಂದೆ ದಡದ ದೀಪಗಳ ಸಾಲಿದ್ದರೆ ನಿಮ್ಮದು ಅವುಗಳಲ್ಲೊಂದಾಗಿ ಕಲೆತುಹೋಗುತ್ತದೆ. ತಗ್ಗಾದ ಪ್ಲಾಸ್ಟಿಕ್ ಕಯಾಕ್ ರೇಡಾರಿಗೂ ಸರಿಯಾಗಿ ಸಿಕ್ಕುವುದಿಲ್ಲ. ಆದ್ದರಿಂದ ಅವರ ದೀಪಗಳನ್ನು ಓದಲು ನೀವೇ ಕಲಿಯಿರಿ. ದೋಣಿಯ ಎಡಮಗ್ಗುಲಿನದು ಕೆಂಪು, ಬಲಮಗ್ಗುಲಿನದು ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಿಮ್ಮತ್ತಲೇ ಬರುತ್ತಿದೆ ಎಂದರ್ಥ. ಒಂದೇ ಬಣ್ಣ ಕಂಡರೂ, ಅದು ಇದ್ದ ದಿಕ್ಕಿನಲ್ಲೇ ಇದ್ದುಕೊಂಡು ದೊಡ್ಡದಾಗುತ್ತಿದ್ದರೆ ಘರ್ಷಣೆಯ ದಾರಿಯಲ್ಲಿದ್ದೀರಿ. 20 ನಾಟ್ ವೇಗದ ದೋಣಿ ಗಂಟೆಗೆ 37 ಕಿಲೋಮೀಟರಿನಂತೆ ಅರ್ಧ ಕಿಲೋಮೀಟರನ್ನು 50 ಸೆಕೆಂಡಿನೊಳಗೆ ದಾಟುತ್ತದೆ. ಗಂಟೆಗೆ 5 ಕಿಲೋಮೀಟರ್ ಸಾಗುವ ನೀವು ಅಷ್ಟರಲ್ಲಿ 70 ಮೀಟರ್ ಸರಿದಿರುತ್ತೀರಿ. ಹಾಗಾಗಿ ಟಾರ್ಚನ್ನು ಬೇಗನೆ ತೋರಿಸಿ, ಚಾಲಕನ ಕಣ್ಣಿಗೆ ಹಿಡಿದೇ ನಿಲ್ಲಬೇಡಿ, ಒಮ್ಮೆ ಅತ್ತ ಬೀರಿ ಬಳಿಕ ನಿಮ್ಮ ಮೈಮೇಲೆ ಬೆಳಕು ಬಿಟ್ಟುಕೊಳ್ಳಿ. ದಡದ ಪಕ್ಕದಲ್ಲೇ ಸಾಗಿ; ದೋಣಿಗಳ ದಾರಿಯನ್ನು ದಾಟಲೇಬೇಕಾದರೆ ಅತಿ ಕಿರಿದಾದ ಕಡೆ, ಎಲ್ಲರೂ ಒಟ್ಟಾಗಿ, ನೇರ ಅಡ್ಡಕ್ಕೆ ದಾಟಿ.

ಮಗುಚಿದಾಗ ಕಯಾಕ್ ಗಾಳಿಗೆ ತೇಲಿ ದೂರ ಹೋಗಬಹುದು, ಕತ್ತಲಲ್ಲಿ ಅದು ಕೈತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಆದ್ದರಿಂದ ಸೀಟಿ, ಟಾರ್ಚ್, ನೀರು ಹೋಗದ ಚೀಲದಲ್ಲಿಟ್ಟ ಫೋನ್ ಕಯಾಕಿನಲ್ಲಲ್ಲ, ನಿಮ್ಮ ಮೈಮೇಲೆ ಇರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖವನ್ನು ಹೀರುತ್ತದೆಯಾದ್ದರಿಂದ, ಮಗುಚಿದ ಕಯಾಕನ್ನು ಮತ್ತೆ ಏರುವುದನ್ನು ಹಗಲಿನಲ್ಲಿ ಕಲಿತು, ಆಮೇಲೆ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿ. ಗುಂಪಿನಲ್ಲಿ ಹೋಗುವಾಗ ನಾವು ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಆಗಾಗ ಕೂಗಿ ಎಣಿಸುತ್ತೇವೆ. ಮೂರರ ನಂತರ ನಾಲ್ಕು ಕೇಳಿಸದಿದ್ದರೆ ಎಲ್ಲರೂ ಅಲ್ಲಿಯೇ ನಿಲ್ಲುತ್ತಾರೆ. ಮರಳುವ ಹೊತ್ತನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ ಹೋಗಿ.

ಮೊದಲ ಸಲಕ್ಕೆ ನಿಮಗೆ ಹಗಲಿನಲ್ಲಿ ಚೆನ್ನಾಗಿ ಪರಿಚಯವಿರುವ ನೀರನ್ನೂ ಹುಣ್ಣಿಮೆಯ ಆಸುಪಾಸಿನ ರಾತ್ರಿಯನ್ನೂ ಆರಿಸಿಕೊಳ್ಳಿ. ಹುಣ್ಣಿಮೆಯಂದು ಚಂದ್ರ ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೇ ಮೂಡುತ್ತಾನೆ. ಬೆಳದಿಂಗಳು ಚೆನ್ನಾಗಿದೆಯೆಂದು ದೀಪ ಆರಿಸುವ ಆಸೆಯೂ ಆಗ ಬರುತ್ತದೆ, ನನಗೂ ಬಂದಿದೆ. ಆರಿಸಬೇಡಿ.