ಅಚ್ಚಿನಲ್ಲಿಲ್ಲದ ಹಳೆಯ ಕನ್ನಡ ಪುಸ್ತಕವನ್ನು ಹುಡುಕುವುದು ಹೇಗೆ?

ಅಂಗಡಿ ಸುತ್ತುವ ಮೊದಲು ಇಂಟರ್ನೆಟ್ ಆರ್ಕೈವ್ (archive.org) ಅನ್ನೋ ವೆಬ್‌ಸೈಟ್‌ನಲ್ಲಿ ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಅಲ್ಲಿವೆ, ಓದಲು ದುಡ್ಡು ಕೊಡಬೇಕಿಲ್ಲ.

‘ಹುಡುಕಿದೆ, ಸಿಗಲಿಲ್ಲ’ ಅನ್ನುವವರೇ ಜಾಸ್ತಿ. ಎಷ್ಟೋ ಸಲ ಪುಸ್ತಕ ಅಲ್ಲೇ ಇರುತ್ತದೆ, ಸ್ಪೆಲಿಂಗ್ ಮಾತ್ರ ಬೇರೆ. ಅಲ್ಲಿನ ಬಹಳಷ್ಟು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದಾರೆ. ‘ಪುರಾಣ’ ಅನ್ನೋ ಪದವನ್ನೇ ನೋಡಿ. ‘ರಾ’ಗೆ ಒಬ್ಬರು ಒಂದು ‘ಎ’ ಹಾಕಿರುತ್ತಾರೆ, ಇನ್ನೊಬ್ಬರು ಎರಡು. ‘ಣ’ ಬಂದಾಗಲಂತೂ ದೇವರೇ ಗತಿ. ಹಾಗಾಗಿ ಪೂರ್ತಿ ಹೆಸರು ಬೇಡ. ಒಂದೇ ಪದವನ್ನು ನಾಲ್ಕೈದು ಥರ ಬರೆದು ನೋಡಿ. ಆಮೇಲೆ ಲೇಖಕರ ಹೆಸರು, ಇನಿಷಿಯಲ್ ಬಿಟ್ಟು. ಕನ್ನಡ ಲಿಪಿಯಲ್ಲೂ ಒಮ್ಮೆ ಪ್ರಯತ್ನಿಸಿ.

ಅಲ್ಲೂ ಇಲ್ಲವೆಂದರೆ ದೊಡ್ಡ ಗ್ರಂಥಾಲಯಗಳೇ ದಾರಿ. 1954ರ ಕಾನೂನಿನ ಪ್ರಕಾರ ದೇಶದ ಪ್ರಕಾಶಕರು ತಮ್ಮ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಎಲ್ಲರೂ ಕಳಿಸುವುದಿಲ್ಲ, ಅದು ಬೇರೆ ಮಾತು. ಹತ್ತಿರದಲ್ಲೇ ಬೇಕಿದ್ದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯವಿದೆ.

ಸ್ವಂತ ಪ್ರತಿಯೇ ಬೇಕಾ? ಹಾಗಾದರೆ ಹಳೇ ಪುಸ್ತಕದಂಗಡಿಗಳು. ಬೆಂಗಳೂರಿನ ಅವೆನ್ಯೂ ರಸ್ತೆಗೆ ಸುಮ್ನೆ ಹೋದರೆ ಪಠ್ಯಪುಸ್ತಕಗಳೇ ಕಣ್ಣಿಗೆ ಬೀಳುತ್ತವೆ. ಲೇಖಕರು, ಪ್ರಕಾಶಕರು, ಅಚ್ಚಾದ ವರ್ಷ ಇಷ್ಟನ್ನು ಚೀಟಿಯಲ್ಲಿ ಬರೆದು, ನಿಮ್ಮ ಫೋನ್ ನಂಬರ್ ಸೇರಿಸಿ ಅಂಗಡಿಯವರಿಗೆ ಕೊಟ್ಟು ಬನ್ನಿ.