ಕಾಸರಗೋಡಿನ ಲ್ಯಾಪ್‌ಟಾಪ್ ಕನ್ನಡದಲ್ಲೇಕೆ ಎಂದು ಕೇಳಿದವರಿಗೆ

ಮೊನ್ನೆ ನನ್ನ ಪರದೆಯ ಮೆನುಗಳೆಲ್ಲ ಕನ್ನಡದಲ್ಲಿರುವುದನ್ನು ಕಂಡು ನೀವು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲಾಗಿರಲಿಲ್ಲ. ಇರುವುದು ಕೇರಳದಲ್ಲಿ, ಮಲಯಾಳ ಹಾಕಿಕೊಂಡರೆ ಕೆಲಸಕ್ಕಾದರೂ ಬಂದೀತು, ಅದು ಬೇಡವೆಂದರೆ ಎಲ್ಲರಂತೆ ಇಂಗ್ಲಿಷ್ ಇರಲಿ, ಇದೆಂಥ ಹಟ ಎಂದಿರಿ. ಬೆಂಗಳೂರಿನಲ್ಲಿರುವ ನಿಮ್ಮ ಲ್ಯಾಪ್‌ಟಾಪ್ ಇಂಗ್ಲಿಷಿನಲ್ಲಿರುವುದನ್ನು ನಾನು ಯಾವ ಕಾಲಕ್ಕೂ ಪ್ರಶ್ನಿಸಿದವನಲ್ಲ ಎಂಬುದನ್ನು ಮೊದಲು ದಾಖಲಿಸಿಕೊಂಡು ಮುಂದುವರಿಯುತ್ತೇನೆ.

ರಾಜ್ಯದ ಹೆಸರು ಹೇಳಿದೊಡನೆ ಅಲ್ಲಿರುವವರ ಮನೆಮಾತು ತಿಳಿದುಹೋಯಿತು ಎಂದು ನಂಬುವವರು ನೀವೊಬ್ಬರೇ ಅಲ್ಲ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು; ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು; ಶಿಫಾರಸು ಶಿಫಾರಸಾಗಿಯೇ ಉಳಿಯಿತು; 1984ರಲ್ಲಿ ನಮ್ಮದೇ ಒಂದು ಜಿಲ್ಲೆಯಾಯಿತು. ಇಷ್ಟೆಲ್ಲ ನಡೆಯುವಾಗ ಮನೆಗಳು ಇದ್ದಲ್ಲಿಯೇ ಇದ್ದವು, ಮನೆಗಳೊಳಗಿನ ಮಾತೂ ಇದ್ದಲ್ಲಿಯೇ ಇತ್ತು. ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಕನ್ನಡದಲ್ಲಿ ಬರೆದುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ, ಅದನ್ನು ಯಾರೂ ಹಟವೆಂದು ಕರೆಯಲಿಲ್ಲ. ಅದೇ ನೆಲದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ‘ಕಡತ ಉಳಿಸು’ ಎಂಬುದನ್ನು ಕನ್ನಡದಲ್ಲಿ ಓದಿದರೆ ಹಟವಾಗುತ್ತದೆಯೇ?

ಭಾಷೆ ಬದಲಿಸುವ ವಿಧಾನವನ್ನು ವಿವರಿಸುವ ಅಗತ್ಯವೇ ಇಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್ ತೆರೆದು ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿದರೆ ಭಾಷಾ ಪ್ಯಾಕ್ ತಾನಾಗಿ ಇಳಿಯುತ್ತದೆ, ಒಮ್ಮೆ ಸೈನ್ ಔಟ್ ಆಗಿ ಮರಳಿ ಬಂದರೆ ಪರದೆ ಕನ್ನಡದಲ್ಲಿರುತ್ತದೆ. ಮಲಯಾಳವನ್ನೂ ಹಾಗೆಯೇ ಸೇರಿಸಬಹುದು. ತೋರುವ ಭಾಷೆ ಬೇರೆ, ಬೆರಳಚ್ಚಿನ ಕೀಲಿಮಣೆ ಬೇರೆ, ದಿನಾಂಕ ಮತ್ತು ಅಂಕಿಗಳ ರೂಪ ಇನ್ನೂ ಬೇರೆ ಎಂಬಷ್ಟು ತಿಳಿದಿದ್ದರೆ ಸಾಕು. ಕೆಲವು ಲ್ಯಾಪ್‌ಟಾಪುಗಳ ಜೊತೆಗೆ ‘ಸಿಂಗಲ್ ಲ್ಯಾಂಗ್ವೇಜ್’ ಎಂಬ ಆವೃತ್ತಿ ಬಂದಿರುತ್ತದೆ. ಅದರಲ್ಲಿ ಪರದೆಯ ಭಾಷೆಯನ್ನು ಬದಲಿಸಹೊರಟರೆ ನಿಮ್ಮ ಪರವಾನಗಿಗೆ ಒಂದೇ ಭಾಷೆ ಎಂಬ ಸಂದೇಶ ಬರುತ್ತದೆ, ಆದರೆ ಕೀಲಿಮಣೆಗಳನ್ನು ಎಷ್ಟು ಬೇಕಾದರೂ ಸೇರಿಸಲು ಬಿಡುತ್ತದೆ. ಸಪ್ತಭಾಷೆಗಳ ನಾಡೆಂದು ಹೇಳಿಕೊಳ್ಳುವ ಜಿಲ್ಲೆಯಲ್ಲಿ ಇಂಥದೊಂದು ಪರವಾನಗಿಯೊಡನೆ ಬದುಕುವವರ ಬಗ್ಗೆ ನನಗೆ ಮರುಕವಿದೆ.

ನಮ್ಮ ನಿಜವಾದ ಪೇಚು ಇರುವುದು ಕೀಲಿಮಣೆಯಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಕನ್ನಡವೊಂದನ್ನೇ ಬಳಸುವವರಿಗೆ ಇದು ಸುಲಭವಾಗಿ ಊಹೆಗೆ ಬರುವಂಥದಲ್ಲ.

ನಾನು ಬಳಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ನಿಮ್ಮ ಕಡೆ ಹೆಚ್ಚಿನವರು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಬೆರಳು ಪಳಗಿಸಿಕೊಂಡವರು. ಕನ್ನಡಕ್ಕೆ ಅದು ಬಹಳ ಸಹಜವಾದದ್ದು ಎಂಬುದರಲ್ಲಿ ತಕರಾರಿಲ್ಲ. ಆದರೆ ಎರಡು ಲಿಪಿಗಳಲ್ಲಿ ದಿನವೂ ಬರೆಯಬೇಕಾದವನಿಗೆ ಇನ್‌ಸ್ಕ್ರಿಪ್ಟ್ ಒಂದು ವರ. ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ಇದನ್ನು ಸಿದ್ಧಪಡಿಸುವಾಗ ಇಟ್ಟುಕೊಂಡ ತತ್ತ್ವ ಸರಳವಾಗಿತ್ತು: ಭಾರತೀಯ ಲಿಪಿಗಳಲ್ಲಿ ಒಂದೇ ಧ್ವನಿಯ ಅಕ್ಷರ ಒಂದೇ ಕೀಲಿಯಲ್ಲಿರಬೇಕು. ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ ಕನ್ನಡದಲ್ಲಿ ಕಕಾರ, ಮಲಯಾಳದಲ್ಲಿಯೂ ಕಕಾರ. ‘ಸಿ’ ಮಕಾರ, ‘ವಿ’ ನಕಾರ, ‘ಡಿ’ ಅರ್ಧಾಕ್ಷರಕ್ಕೆ ಬೇಕಾದ ಚಿಹ್ನೆ. ಬಲಗೈ ಬದಿಯಲ್ಲಿ ವ್ಯಂಜನ, ಎಡಗೈ ಬದಿಯಲ್ಲಿ ಸ್ವರ ಎಂಬ ಸ್ಥೂಲ ಹಂಚಿಕೆಯೂ ಎರಡರಲ್ಲಿ ಒಂದೇ. ಒಂದು ಭಾಷೆಯಲ್ಲಿ ಕಲಿತ ಬೆರಳು ಇನ್ನೊಂದಕ್ಕೆ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ಆ ವರವೇ ಪೇಚಿನ ಮೂಲ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ, ಮಲಯಾಳ ಎಂದು ಸರದಿಯಂತೆ ಬದಲಾಗುತ್ತದೆ. ಕನ್ನಡ ಬೇಕೆಂದುಕೊಂಡು ಒಂದು ಸ್ಪೇಸ್ ಹೆಚ್ಚು ಒತ್ತಿದರೆ ಮಲಯಾಳದಲ್ಲಿರುತ್ತೀರಿ. ಬೇರೆ ಯಾವ ಕೀಲಿಮಣೆಯಾದರೂ ಆಗಿದ್ದರೆ ಮೊದಲ ಪದವೇ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಬಿದ್ದು ತಪ್ಪು ಗೊತ್ತಾಗುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ‘ಸಿ’, ‘ವಿ’, ‘ಜಡ್’ ಎಂಬ ಮೂರು ಕೀಲಿಗಳನ್ನು ಒತ್ತಿದರೆ ಕನ್ನಡದಲ್ಲಿ ‘ಮನೆ’ ಮೂಡುವಂತೆ ಮಲಯಾಳ ಲಿಪಿಯಲ್ಲಿಯೂ ‘ಮನೆ’ ಎಂದೇ ಮೂಡುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಎತ್ವದ ಚಿಹ್ನೆ ನಕಾರದ ಎಡಕ್ಕೆ ಹೋಗಿ ನಿಲ್ಲುತ್ತದೆ, ಅಷ್ಟೆ. ಅಚ್ಚಗನ್ನಡ ವಾಕ್ಯವೊಂದು ಮಲಯಾಳ ಅಕ್ಷರಗಳಲ್ಲಿ, ಒಂದು ದೀರ್ಘವೂ ತಪ್ಪದೆ, ಸಾಲುಗಟ್ಟಿ ನಿಂತಿರುತ್ತದೆ.

ಪರದೆಯನ್ನು ನೋಡಿಕೊಂಡು ಬರೆದರೆ ಆಯಿತಲ್ಲ ಎಂದು ನೀವು ಹೇಳುತ್ತೀರೆಂದು ಬಲ್ಲೆ. ಅಲ್ಲ ಮಾರಾಯರೇ, ನೋಡಿಕೊಂಡೇ ಬರೆಯುವುದು! ಮಲಯಾಳ ಲಿಪಿಯನ್ನು ಕಂಡೊಡನೆ ನಿಮ್ಮ ಕಣ್ಣು ಎಡವುತ್ತದೆ, ನಮ್ಮ ಕಣ್ಣು ಎಡವುವುದಿಲ್ಲ. ಎರಡು ಲಿಪಿಗಳನ್ನೂ ಶಾಲೆಯ ದಿನಗಳಿಂದ ಒಂದೇ ವೇಗದಲ್ಲಿ ಓದಿದವರಿಗೆ ಅಕ್ಷರದ ಆಕಾರ ಗಮನಕ್ಕೆ ಬರುವುದು ಅರ್ಥ ಎಲ್ಲಿಯಾದರೂ ತಡೆದು ನಿಂತಾಗ ಮಾತ್ರ. ಅರ್ಥ ಸರಾಗವಾಗಿ ಸಾಗುತ್ತಿರುವಾಗ ಅದು ಯಾವ ಲಿಪಿಯಲ್ಲಿದೆ ಎಂದು ವಿಚಾರಿಸುವುದಕ್ಕೆ ಮನಸ್ಸಿಗೆ ಬಿಡುವಿರುವುದಿಲ್ಲ. ಮೂರು ನಾಲ್ಕು ಸಾಲು ಮುಗಿದ ಮೇಲೆ ಒತ್ತಕ್ಷರಗಳು ಕೆಳಗೆ ಇಳಿಯಬೇಕಾದಲ್ಲಿ ಇಳಿದಿಲ್ಲವಲ್ಲ ಎಂದು ಅನಿಸಿ, ಆಗ ಕೆಳಪಟ್ಟಿಯ ಮೂಲೆಯಲ್ಲಿರುವ ಪುಟ್ಟ ಗುರುತಿನತ್ತ ದೃಷ್ಟಿ ಹಾಯುತ್ತದೆ. ಎರಡು ಲಿಪಿಗಳನ್ನು ಬಲ್ಲೆನೆಂಬ ಹೆಮ್ಮೆಗೆ ತೆರಬೇಕಾದ ಸುಂಕ ಇದು.

ಕಡತಗಳ ಹೆಸರಿನಲ್ಲಿ ಇದು ಇನ್ನೂ ಕಾಡುತ್ತದೆ. ‘ಅರ್ಜಿ’ ಎಂದು ಹೆಸರಿಟ್ಟು ಉಳಿಸಿದ ಕಡತವನ್ನು ಮರುದಿನ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಹುಡುಕಾಟದ ಪೆಟ್ಟಿಗೆಗೆ ಕನ್ನಡದ ಅಕಾರವೂ ಮಲಯಾಳದ ಅಕಾರವೂ ಸಂಬಂಧವೇ ಇಲ್ಲದ ಎರಡು ಅಕ್ಷರಗಳು. ಅದು ಪಟ್ಟಿಯ ತಳದಲ್ಲಿ, ಕನ್ನಡದ ಹೆಸರುಗಳೆಲ್ಲ ಮುಗಿದ ಮೇಲೆ, ಗಡಿ ದಾಟಿದ ಹಾಗೆ ಒಂಟಿಯಾಗಿ ಕುಳಿತಿರುತ್ತದೆ.

ಇದಕ್ಕೆ ಪರಿಹಾರವೂ ಆ ಲಿಪಿಗಳ ನೆರೆಹೊರೆಯಲ್ಲಿಯೇ ಇದೆ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವುದು ದಶಮಾನದ ಲೆಕ್ಕದಲ್ಲಿ 3200ರಿಂದ 3327ರವರೆಗಿನ ಸ್ಥಾನಗಳು. 3328ರಿಂದ ಮಲಯಾಳ ಆರಂಭವಾಗುತ್ತದೆ. ನಡುವೆ ಯಾವ ಹೊಳೆಯೂ ಇಲ್ಲ, ಆಯೋಗವೂ ಇಲ್ಲ. ಎರಡೂ ಲಿಪಿಗಳನ್ನು ಹಳೆಯ ಭಾರತೀಯ ಸಂಕೇತ ಮಾನಕವಾದ ಇಸ್ಕಿಯ ಕ್ರಮದಲ್ಲಿಯೇ ಜೋಡಿಸಿರುವುದರಿಂದ ಸಮಾನ ಅಕ್ಷರಗಳ ಅಂತರ ಬಹುತೇಕ ಎಲ್ಲೆಡೆಯೂ 128. ಕನ್ನಡದ ಕಕಾರ 3221, ಮಲಯಾಳದ್ದು 3349. ಆದ್ದರಿಂದ ದಾರಿತಪ್ಪಿದ ಸಾಲುಗಳನ್ನು ಆಯ್ದು, ಪ್ರತಿ ಅಕ್ಷರದ ಸಂಖ್ಯೆಯಿಂದ 128 ಕಳೆಯುವ ನಾಲ್ಕು ಸಾಲಿನ ಪ್ರೋಗ್ರಾಮನ್ನು ಬರೆದಿಟ್ಟುಕೊಂಡರೆ ವಾಕ್ಯ ಮರಳಿ ಕನ್ನಡವಾಗುತ್ತದೆ. ನಾನು ಹಾಗೆಯೇ ಮಾಡಿಕೊಂಡಿದ್ದೇನೆ, ಮತ್ತು ಅದನ್ನು ಮೊದಲ ಸಲ ಓಡಿಸಿದ ದಿನ ನನಗಾದ ಸಂತೋಷವನ್ನು ಇಲ್ಲಿ ವರ್ಣಿಸಿದರೆ ನೀವು ನಗುತ್ತೀರಿ.

ಆದರೆ ಈ ಲೆಕ್ಕವೂ ಎಲ್ಲ ಕಡೆ ಒಗ್ಗುವುದಿಲ್ಲ. ಪದದ ಕೊನೆಯಲ್ಲಿ ಸ್ವರವಿಲ್ಲದೆ ನಿಲ್ಲುವ ನಕಾರ, ರಕಾರ, ಲಕಾರಗಳಿಗೆ ಮಲಯಾಳದಲ್ಲಿ ಚಿಲ್ಲು ಎಂಬ ಪ್ರತ್ಯೇಕ ರೂಪಗಳಿವೆ. 2008ರಲ್ಲಿ ಯೂನಿಕೋಡಿನ 5.1ನೆಯ ಆವೃತ್ತಿ ಅವುಗಳಿಗೆ ಸ್ವಂತ ಸ್ಥಾನಗಳನ್ನು ಕೊಟ್ಟಿತು. ಅವುಗಳಿಂದ 128 ಕಳೆದರೆ ಕನ್ನಡದ ಭಾಗದಲ್ಲಿ ಖಾಲಿ ಜಾಗಕ್ಕೆ ಬಂದು ಬೀಳುತ್ತೀರಿ. ಮಲಯಾಳದಲ್ಲಿ ಇಂದಿಗೂ ಜೀವಂತವಾಗಿರುವ ೞಕಾರದ ಕತೆಯೂ ಅದೇ: ಅಲ್ಲಿ ಅದು 3380, ಆದರೆ ನಮ್ಮ ಹಳಗನ್ನಡದ ೞಕಾರಕ್ಕೆ ಕೊಟ್ಟಿರುವುದು 3294. ಅದರ ಅಧಿಕೃತ ಇಂಗ್ಲಿಷ್ ಹೆಸರನ್ನೂ ಯೂನಿಕೋಡಿನಲ್ಲಿ ತಪ್ಪಾಗಿ ‘ಫ’ ಎಂದು ದಾಖಲಿಸಲಾಗಿದೆ. ಒಮ್ಮೆ ದಾಖಲಾದ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ. ದಾಖಲೆಯಲ್ಲಿ ಒಮ್ಮೆ ಬಿದ್ದುದು ಬದಲಾಗುವುದಿಲ್ಲ ಎಂಬುದು ಗಡಿನಾಡಿನವರಿಗೆ ಹೊಸ ಸುದ್ದಿಯಲ್ಲ.

ಇನ್ನೂ ದೊಡ್ಡ ತೊಡಕು, ಒಂದೇ ಪುಟದಲ್ಲಿ ನಿಜವಾದ ಮಲಯಾಳವೂ ಇರುವಾಗಿನದು. ಅಂಥ ಪುಟಗಳೇ ನಮ್ಮಲ್ಲಿ ಹೆಚ್ಚು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದೆನ್ನುತ್ತದೆ. ನಾನು ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. ಆದರೆ ಮೇಜಿನ ಆಚೆ ಕುಳಿತವರು ದೂರದ ಜಿಲ್ಲೆಯಿಂದ ವರ್ಗವಾಗಿ ಬಂದವರಾಗಿದ್ದರೆ ಕಾಗದ ಸುಮ್ಮನೆ ಬಿದ್ದಿರುತ್ತದೆ ಎಂಬ ಅನುಭವವಿರುವುದರಿಂದ, ಪ್ರತಿ ಪರಿಚ್ಛೇದದ ಕೆಳಗೆ ಅದೇ ಮಾತನ್ನು ಮಲಯಾಳದಲ್ಲಿಯೂ ಬರೆಯುತ್ತೇನೆ. ಹಕ್ಕನ್ನೂ ಬಿಡಬಾರದು, ಕೆಲಸವೂ ಆಗಬೇಕು. ಹೀಗಾಗಿ ಒಂದು ಪುಟ ಮುಗಿಯುವಷ್ಟರಲ್ಲಿ ಕೀಲಿಮಣೆ ಹತ್ತಾರು ಸಲ ಅತ್ತಿತ್ತ ಹೋಗಿಬರುತ್ತದೆ, ಎಲ್ಲೋ ಒಂದೆಡೆ ಕನ್ನಡದ ಸಾಲು ಮಲಯಾಳ ಅಕ್ಷರಗಳಲ್ಲಿ ಉಳಿದುಬಿಡುತ್ತದೆ. ಇಡೀ ಪುಟವನ್ನು 128ರ ಲೆಕ್ಕಕ್ಕೆ ಒಡ್ಡಿದರೆ ಸರಿಯಾಗಿದ್ದ ಮಲಯಾಳವೂ ಕನ್ನಡ ಲಿಪಿಗೆ ಬಂದುಬಿಡುತ್ತದೆ. ‘ವಿಷಯ’, ‘ಅಧ್ಯಕ್ಷ’ ಎಂಬಂಥ ಸಂಸ್ಕೃತ ಮೂಲದ ಪದಗಳು ಎರಡೂ ಕಡೆ ಓಡಾಡುವುದರಿಂದ ಯಾವುದು ತಪ್ಪಿಬಿದ್ದದ್ದು, ಯಾವುದು ಬೇಕೆಂದೇ ಬರೆದದ್ದು ಎಂದು ಯಂತ್ರ ಹೇಳಲಾರದು. ಕುಳಿತು ಕಣ್ಣಿನಿಂದಲೇ ಹೆಕ್ಕಬೇಕು.

ಸರದಿಯ ಕಾಟ ತಪ್ಪಿಸಲು ಒಂದೊಂದು ಭಾಷೆಗೆ ಒಂದೊಂದು ನೇರ ಕೀಲಿಜೋಡಿಯನ್ನು ಗೊತ್ತುಪಡಿಸಿಕೊಳ್ಳುವ ಸೌಲಭ್ಯ ಸುಧಾರಿತ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲಿದೆ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಜೊತೆಗೆ 1 ಒತ್ತಿದರೆ ಕನ್ನಡ, 2 ಒತ್ತಿದರೆ ಮಲಯಾಳ ಎಂದು ಇಟ್ಟುಕೊಂಡ ಮೇಲೆ ಪಾಡು ಅರ್ಧಕ್ಕರ್ಧ ಕಡಿಮೆಯಾಗಿದೆ. ಪ್ರತಿ ಕಿಟಕಿಗೂ ಬೇರೆ ಕೀಲಿಮಣೆ ಎಂಬ ಇನ್ನೊಂದು ಆಯ್ಕೆಯೂ ಇದೆ. ನನ್ನ ಎರಡು ಭಾಷೆಗಳು ಒಂದೇ ಕಿಟಕಿಯಲ್ಲಿರುವುದರಿಂದ ನನಗೆ ಅದರಿಂದ ಪ್ರಯೋಜನವಿಲ್ಲ.

ಪರದೆಯ ಭಾಷೆ ಮಲಯಾಳವಾಗಿದ್ದರೆ ಕೆಲಸಕ್ಕೆ ಬಂದೀತೆಂಬ ನಿಮ್ಮ ಮಾತಿಗೂ ಇದರಲ್ಲಿಯೇ ಉತ್ತರವಿದೆ. ಮಲಯಾಳ ನನಗೆ ಪರಕೀಯವಲ್ಲ, ಅದರಲ್ಲಿ ಓದುತ್ತೇನೆ, ಬರೆಯುತ್ತೇನೆ, ಜಗಳವನ್ನೂ ಆಡುತ್ತೇನೆ. ಆದರೆ ಲ್ಯಾಪ್‌ಟಾಪ್ ತೆರೆದಾಗ ಮೊದಲು ಕಾಣಬೇಕಾದದ್ದು ಯಾವುದೆಂದು ನಿರ್ಧರಿಸುವ ಅಧಿಕಾರ ನಾನಿರುವ ರಾಜ್ಯಕ್ಕೆ ಇಲ್ಲ. ಅನೇಕ ಜಾಲತಾಣಗಳು ನನ್ನ ಸಂಪರ್ಕ ಎಲ್ಲಿಂದ ಬರುತ್ತಿದೆಯೆಂದು ಊಹಿಸಿ ಮಲಯಾಳದ ಪುಟವನ್ನು ಮುಂದಿಡುತ್ತವೆ, ಬ್ರೌಸರಿನ ಭಾಷಾ ಪಟ್ಟಿಯಲ್ಲಿ ಕನ್ನಡವನ್ನು ಮೊದಲಿಗೆ ಇಟ್ಟಿದ್ದರೂ ಕೆಲವು ಒಪ್ಪುವುದಿಲ್ಲ. ಪ್ರತಿ ಸಲವೂ ಮೂಲೆಯಲ್ಲಿರುವ ಪಟ್ಟಿಯನ್ನು ಇಳಿಸಿ ಕನ್ನಡವನ್ನು ಆಯ್ದುಕೊಳ್ಳುತ್ತೇನೆ, ಕನ್ನಡ ಅಲ್ಲಿದ್ದರೆ. ಅತ್ತ ಕರ್ನಾಟಕದ ಅರ್ಜಿ ನಮೂನೆಗಳಲ್ಲಿ ಜಿಲ್ಲೆಗಳ ಪಟ್ಟಿಯನ್ನು ಇಳಿಸಿದರೆ ಕಾಸರಗೋಡು ಇರುವುದಿಲ್ಲ. ಸಹಜವೇ, ಆದರೂ ಕೈ ಒಂದು ಕ್ಷಣ ‘ಕಲಬುರಗಿ’ಯ ನಂತರ ತಡೆಯುತ್ತದೆ.

ತುಳುವಿನ ಪ್ರಶ್ನೆಯನ್ನೂ ನೀವು ಕೇಳಿದ್ದಿರಿ. ಮನೆಯಲ್ಲಿ ನಮ್ಮ ಮಾತಿನ ಬಹುಪಾಲು ತುಳುವೇ, ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ಆದ್ದರಿಂದ ಕೀಲಿಮಣೆಯ ಚಿಂತೆಯಿಲ್ಲ. ಕಾಗುಣಿತ ಪರೀಕ್ಷಕ ಮಾತ್ರ ಪ್ರತಿ ಪದದ ಕೆಳಗೂ ಕೆಂಪು ಗೆರೆ ಎಳೆದುಕೊಂಡು ಹೋಗುತ್ತದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಗೆ ಸೇರಿದೆ. ಅದಕ್ಕೂ ಒಂದು ಕೀಲಿಮಣೆ ಬಂದ ದಿನ ಆಲ್ಟ್, ಶಿಫ್ಟ್ ಮತ್ತು 3.

ಕೊನೆಗೆ ನನ್ನ ಕಡೆಯಿಂದಲೂ ಒಂದು ದೂರು. ನೀವು ಬೆಂಗಳೂರಿನಿಂದ ಕಳುಹಿಸುವ ಆಮಂತ್ರಣಗಳೂ ಸುತ್ತೋಲೆಗಳೂ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರುತ್ತಿವೆ. ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿರಾಮಚಿಹ್ನೆಗಳೂ ಕಲಸಿಹೋದ ಸಾಲುಗಳು ಕಾಣಿಸುತ್ತವೆ, ಅದಕ್ಕೆ 128 ಕಳೆಯುವ ಉಪಾಯವೂ ನಡೆಯುವುದಿಲ್ಲ. ನಾಡಿದ್ದಿನ ಕಾರ್ಯಕ್ರಮದ ಕರಡನ್ನು ದಯವಿಟ್ಟು ಯೂನಿಕೋಡಿಗೆ ಪರಿವರ್ತಿಸಿ ಕಳುಹಿಸಿರಿ. ಪರಿವರ್ತಿಸುವ ತಂತ್ರಾಂಶ ನಿಮ್ಮ ಬಳಿ ಇಲ್ಲವಾದರೆ ಹೇಳಿ, ಇಲ್ಲಿಂದ ಕಳುಹಿಸಿಕೊಡುತ್ತೇನೆ.