ಮರಿ ತಂದಾಯ್ತು, ಈಗೇನು ಮಾಡೋದು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ನಾಯಿಮರಿಗಳದೇ. ಬರೆದವರಲ್ಲಿ ಬಹುತೇಕರು ಮೊದಲ ಸಲ ಸಾಕುತ್ತಿರುವವರು. ಮರಿಗಳೂ ಹೆಚ್ಚಿನವು ಬೆರಕೆ, ಅಪ್ಪ ಒಂದು ತಳಿ, ಅಮ್ಮ ಇನ್ನೊಂದು ತಳಿ. ಹಸು, ಎಮ್ಮೆಯವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ. ತುಮಕೂರಿನ ಪತ್ರ ಉದ್ದ ಇದೆ, ಅದನ್ನೇ ಮೊದಲು ತೆಗೆದುಕೊಳ್ತೀನಿ.

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಮ್ಮ ಜಮಖಂಡಿಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ವಾರ ಊರಿಗೆ ಬರುವಾಗ ಒಂದು ಹೆಣ್ಣು ಮರಿ ಎತ್ತಿಕೊಂಡು ಬಂದ. ತಾಯಿ ಮುಧೋಳ ತಳಿಯದಂತೆ, ಅಪ್ಪ ಯಾರೋ ಬೀದಿಯವನು. ಎರಡು ತಿಂಗಳಾಗಿದೆ ಅಂತಾನೆ. ನಮ್ಮ ಮನೆಯಲ್ಲಿ ಯಾರೂ ನಾಯಿ ಸಾಕಿದವರಲ್ಲ. ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುತ್ತೆ. ಹೊರಗೆ ಅರ್ಧ ಗಂಟೆ ನಿಲ್ಲಿಸಿಕೊಂಡರೂ ಏನೂ ಮಾಡಲ್ಲ. ಒಳಗೆ ಬಂದ ಕೂಡಲೇ ಮ್ಯಾಟ್ ಮೇಲೆ ಮಾಡುತ್ತೆ. ಮೂತಿಯನ್ನು ಉಚ್ಚೆಗೆ ಒರೆಸಿ ಎರಡೇಟು ಹಾಕಿ ಅಂತ ಪಕ್ಕದ ಮನೆಯವರು ಹೇಳ್ತಾರೆ. ರಾತ್ರಿ ವರಾಂಡದಲ್ಲಿ ಬಿಟ್ಟರೆ ಬೆಳಗಿನವರೆಗೂ ಅಳುತ್ತೆ. ‘ಮುಧೋಳ ಅಂದ್ರೆ ಸೈನ್ಯದ ನಾಯಿ, ಇದು ಹಿಂಗ್ಯಾಕೆ’ ಅಂತ ನಮ್ಮ ಅತ್ತೆಯವರಿಗೆ ಬೇಸರ.
– ಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಅತ್ತೆಯವರಿಂದಲೇ ಶುರು ಮಾಡ್ತೀನಿ. ಮುಧೋಳ ಸೈನ್ಯಕ್ಕೆ ಸೇರಿದ್ದು ನಿಜ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಸೈನ್ಯದ ನಾಯಿಯೂ ಎರಡು ತಿಂಗಳಿದ್ದಾಗ ನಿಂತಲ್ಲೇ ಹೊಯ್ದಿರುತ್ತೆ, ಅದನ್ನು ಯಾರೂ ಫೋಟೋ ತೆಗೆಯಲಿಲ್ಲ ಅಷ್ಟೆ.

ನಾನು ಬಾಗಲಕೋಟೆ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಆ ಕಡೆ ಕಾಲು ಉದ್ದ ಇದ್ದು ಹೊಟ್ಟೆ ಒಳಗೆ ಹೋಗಿದ್ದರೆ ಸಾಕು, ಆ ಮರಿಯನ್ನು ಮುಧೋಳ ಅಂತಲೇ ಕೊಡುತ್ತಾರೆ. ನಿಮ್ಮದರಲ್ಲಿ ಮುಧೋಳ ಎಷ್ಟಿದೆ ಅನ್ನೋದು ಬೆಳೆದ ಮೇಲೆ ನೋಡೋಣ. ಇದ್ದರೆ ಎರಡು ವಿಷಯ ಗೊತ್ತಿರಲಿ. ಒಂದು, ಎಷ್ಟು ತಿಂದರೂ ಸಣಕಲಾಗಿಯೇ ಕಾಣುತ್ತೆ. ಬಂದ ನೆಂಟರೆಲ್ಲ ‘ಊಟ ಹಾಕಲ್ವಾ ಇದಕ್ಕೆ’ ಅಂತಾರೆ. ಜಂತುಹುಳದ ಔಷಧಿ ಆಗಿದ್ದು, ಹಸಿವು ಚೆನ್ನಾಗಿದ್ದು, ಮೈ ಮಿರಿಮಿರಿ ಅಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು, ಇದು ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವುದು ಏನೇ ಕಂಡರೂ ಹಿಂದೆ ಬೀಳುತ್ತೆ, ಆಮೇಲೆ ನಿಮ್ಮ ಕೂಗು ಅದರ ಕಿವಿಗೆ ಬೀಳಲ್ಲ. ದೊಡ್ಡದಾದ ಮೇಲೂ ರಸ್ತೆಯಲ್ಲಿ ಹಗ್ಗ ಬಿಚ್ಚಬೇಡಿ. ಓಡಿಸಬೇಕಾದರೆ ಸುತ್ತ ಕಾಂಪೌಂಡ್ ಇರುವ ಜಾಗ ಹುಡುಕಿ.

ಈಗ ಉಚ್ಚೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಸಾಲು: ಹೊರಗೆ ಅರ್ಧ ಗಂಟೆ ತಡೆದುಕೊಂಡು ಒಳಗೆ ಬಂದು ಮಾಡುತ್ತೆ ಅನ್ನೋದು. ಹೊರಗಿನ ಗಲಾಟೆಗೆ, ವಾಸನೆಗೆ ಗಮನ ಹೋಗಿ ಮರೆತಿರಬಹುದು. ಆದರೆ ಪಕ್ಕದ ಮನೆಯವರ ಸಲಹೆಯನ್ನು ಮನೆಯಲ್ಲಿ ಯಾರೋ ಆಗಲೇ ಪಾಲಿಸಿದ್ದಾರೆ ಅಂತ ನನಗೆ ಅನುಮಾನ. ಮರಿಗೆ ‘ಮ್ಯಾಟ್ ಮೇಲೆ ಮಾಡಿದ್ದಕ್ಕೆ ಹೊಡೆದರು’ ಅಂತ ಗೊತ್ತಾಗಲ್ಲ. ‘ಇವರ ಎದುರಿಗೆ ಮಾಡಿದರೆ ಹೊಡೆತ’ ಅಂತ ಗೊತ್ತಾಗುತ್ತೆ. ಆಮೇಲೆ ಹೊರಗೆ ನೀವು ಎದುರಿಗೆ ನಿಂತಿದ್ದರೆ ಮಾಡೋದೇ ಇಲ್ಲ. ಒಳಗೆ ಬಂದು ನೀವು ಬೆನ್ನು ತಿರುಗಿಸಿದಾಗ ಮಾಡುತ್ತೆ. ಇನ್ನು ಸ್ವಲ್ಪ ದಿನ ಹೊಡೆದರೆ ಸೋಫಾ ಹಿಂದೆ ಮಾಡೋಕೆ ಶುರು. ನಿಮಗೆ ವಾಸನೆ ಬರುತ್ತೆ, ಜಾಗ ಸಿಗಲ್ಲ.

ಆದ್ದರಿಂದ ಏಟು ಇವತ್ತೇ ನಿಲ್ಲಲಿ. ಎರಡು ತಿಂಗಳ ಮರಿ ಎಚ್ಚರ ಇದ್ದಾಗ ಹೆಚ್ಚೆಂದರೆ ಎರಡು ಮೂರು ಗಂಟೆ ತಡೆಯುತ್ತೆ. ಆಟದ ಮಧ್ಯೆ ಅಷ್ಟೂ ಇಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಉಂಡು ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದಾಗ, ಮಲಗುವ ಮುಂಚೆ – ಇಷ್ಟು ಹೊತ್ತಿಗೆ ಹೊರಗೆ ಕರೆದುಕೊಂಡು ಹೋಗಲೇಬೇಕು. ನಡುವೆ ಮೂಗು ನೆಲಕ್ಕೆ ಹಚ್ಚಿ ಗಿರಗಿರ ಸುತ್ತಲು ಶುರು ಮಾಡಿದರೂ ಎತ್ತಿಕೊಂಡು ಓಡಿ. ಕಾಂಪೌಂಡಿನ ಒಂದು ಮೂಲೆ ಗೊತ್ತು ಮಾಡಿ, ದಿನಾ ಅಲ್ಲಿಗೇ ಹೋಗಿ. ಮಣ್ಣಿನ ನೆಲ ಒಳ್ಳೆಯದು. ಹಗ್ಗ ಹಿಡಿದು ಸುಮ್ನೆ ನಿಂತುಕೊಳ್ಳಿ. ಮಾತಾಡಬೇಡಿ, ಆಡಿಸಬೇಡಿ, ಅದರ ಮುಖವನ್ನೇ ದಿಟ್ಟಿಸಿ ನೋಡಬೇಡಿ. ಮಾಡಿ ಮುಗಿಸಿದ ಕ್ಷಣವೇ, ಅಲ್ಲೇ, ಬಾಯಿಗೆ ಒಂದು ಚೂರು ಬೇಯಿಸಿದ ಮೊಟ್ಟೆ ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟ ಹಾಗಾಗುತ್ತೆ. ತಿಂಡಿ ಸೆರಗಲ್ಲೋ ಜೇಬಲ್ಲೋ ಇರಲಿ. ಖಾರ ಹಾಕದ ಮಂಡಕ್ಕಿಯೂ ನಡೆಯುತ್ತೆ.

ಹತ್ತು ನಿಮಿಷವಾದರೂ ಏನೂ ಮಾಡಲಿಲ್ಲ ಅನ್ನಿ. ಒಳಗೆ ತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆ ಮೇಲೆ ಕೂರಿಸಿಕೊಳ್ಳಿ. ಕಾಲು ಗಂಟೆ ಬಿಟ್ಟು ಮತ್ತೆ ಅದೇ ಮೂಲೆ. ಈ ಎರಡನೇ ಸಲಕ್ಕೆ ಸಾಮಾನ್ಯವಾಗಿ ಕೆಲಸ ಆಗುತ್ತೆ. ಮ್ಯಾಟುಗಳನ್ನೆಲ್ಲ ಸದ್ಯಕ್ಕೆ ಎತ್ತಿಡಿ. ಒಳಗೆ ಮಾಡಿದ ಜಾಗವನ್ನು ಸೋಪಿನ ನೀರಲ್ಲಿ ತೊಳೆದು, ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ. ವಾಸನೆ ಉಳಿದರೆ ಅದೇ ಜಾಗಕ್ಕೆ ಮತ್ತೆ ಬರುತ್ತೆ. ಫಿನಾಯಿಲ್ ಬೇಡ, ಮರಿ ನೆಲ ನೆಕ್ಕುತ್ತೆ.

ನೀವು ಶಾಲೆಗೆ ಹೋದ ಮೇಲೆ ಇದೆಲ್ಲ ಅತ್ತೆಯವರ ಕೈಯಲ್ಲಿ ಅಲ್ವಾ? ಹಾಗಾಗಿ ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ರಾತ್ರಿ ಅಳುವುದು ಹಟ ಅಲ್ಲ. ಕಳೆದ ವಾರದವರೆಗೂ ಅದು ಒಡಹುಟ್ಟಿದವುಗಳ ರಾಶಿಯ ನಡುವೆ ಮಲಗುತ್ತಿತ್ತು. ಈಗ ಕತ್ತಲೆ, ತಣ್ಣನೆಯ ಗಾರೆ ನೆಲ, ಯಾರೂ ಇಲ್ಲ. ರಟ್ಟಿನ ಪೆಟ್ಟಿಗೆಗೆ ನಿಮ್ಮದೊಂದು ಹಳೇ ಸೀರೆ ಹಾಸಿ, ಮಂಚದ ಪಕ್ಕದಲ್ಲೇ ಇಡಿ. ಅತ್ತರೆ ಕೈ ಇಳಿಬಿಟ್ಟು ಮುಟ್ಟಿ. ನಡುರಾತ್ರಿ ಒಂದು ಸಲ ಅಲಾರಂ ಇಟ್ಟುಕೊಂಡು ಎದ್ದು ಹೊರಗೆ ಕರೆದೊಯ್ಯಿರಿ. ಅಭ್ಯಾಸವಾದ ಮೇಲೆ ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿ ಬಾಗಿಲ ಕಡೆ ಸರಿಸುತ್ತಾ ಹೋಗಿ.

ಪ್ರಶ್ನೆ: ಲ್ಯಾಬ್ರಡಾರ್ ಮತ್ತು ನಾಡನಾಯಿ ಬೆರೆತ ಮರಿ, 9 ವಾರ. ಲಸಿಕೆ ಪೂರ್ತಿ ಆಗುವವರೆಗೆ ಹೊಸ್ತಿಲು ದಾಟಿಸಬೇಡಿ ಅಂತ ಒಬ್ಬರು. ಈಗಲೇ ನಾಲ್ಕು ಜನರನ್ನು ತೋರಿಸದಿದ್ದರೆ ಅಂಜುಬುರುಕ ಆಗುತ್ತೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
– ಹುಬ್ಬಳ್ಳಿ

ಉತ್ತರ: ಇಬ್ಬರೂ ಸರಿ. ಅದಕ್ಕೇ ಮರಿಯನ್ನು ಎತ್ತಿಕೊಂಡು ತಿರುಗಬೇಕು.

ಲಸಿಕೆ ಯಾಕೆ ಮತ್ತೆ ಮತ್ತೆ ಅನ್ನೋದು ಮೊದಲು ತಿಳಿಯಿರಿ. ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಕೆಲವು ವಾರ ಇರುತ್ತೆ. ಅದು ಇರುವವರೆಗೆ ಲಸಿಕೆಯನ್ನೂ ಕೆಲಸ ಮಾಡಲು ಬಿಡಲ್ಲ. ಒಂದು ಮರಿಯಲ್ಲಿ ಬೇಗ ಇಳಿಯುತ್ತೆ, ಇನ್ನೊಂದರಲ್ಲಿ ತಡ. ಅದಕ್ಕಾಗಿ ಪಾರ್ವೊ, ಡಿಸ್ಟೆಂಪರ್‌ ಎಂಬ ಮರಿಗಳ ಜೀವ ತೆಗೆಯುವ ಸೋಂಕು ರೋಗಗಳನ್ನು ತಡೆಯುವ ಲಸಿಕೆಯನ್ನು 6ರಿಂದ 8 ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಕೊಡುತ್ತೇವೆ. ‘ಒಂದು ಇಂಜೆಕ್ಷನ್ ಆಯ್ತಲ್ಲ, ಸಾಕು’ ಅಂದುಕೊಂಡವರ ಮರಿಗಳೇ ಪಾರ್ವೊಗೆ ಜಾಸ್ತಿ ಸಿಗೋದು. ರೇಬೀಸ್ ಲಸಿಕೆ 3 ತಿಂಗಳಿಗೆ, ನಂತರದ್ದು ನಿಮ್ಮ ವೈದ್ಯರು ಹೇಳಿದ ದಿನಕ್ಕೆ, ಆಮೇಲೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸು ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುತ್ತೆ, ವಿಚಾರಿಸಿ. ಜಂತುಹುಳದ ಔಷಧಿ 3 ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪ್ರಮಾಣ ತೂಕದ ಲೆಕ್ಕ, ಅಂದಾಜಿನಲ್ಲಿ ಕುಡಿಸಬೇಡಿ.

ಇನ್ನು ಅಂಜಿಕೆಯ ವಿಷಯ. ಹೆಚ್ಚುಕಡಿಮೆ ಮೂರನೇ ವಾರದಿಂದ 14ನೇ ವಾರದವರೆಗೆ ಕಂಡಿದ್ದು, ಕೇಳಿದ್ದು ಮರಿಗೆ ಲೋಕದಲ್ಲಿ ಇರಬೇಕಾದ್ದೇ ಅನ್ನಿಸುತ್ತೆ. ಆಮೇಲೆ ಕಂಡದ್ದರ ಮೇಲೆಲ್ಲ ಗುಮಾನಿ. ಪಾರ್ವೊ ಸೋಂಕು ನಾಯಿಯ ಹೇಲಿನಿಂದ ಹರಡುತ್ತೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಹಾಗಾಗಿ ಬೀದಿಯ ನೆಲ, ಪಾರ್ಕು, ಗುರುತಿಲ್ಲದ ನಾಯಿಗಳು ಬೇಡ. ಆದರೆ ಹೆಗಲ ಮೇಲೆ ಹಾಕಿಕೊಂಡು ಸಂಜೆ ರಸ್ತೆ ಬದಿ ನಿಲ್ಲೋಕೆ ಏನಡ್ಡಿ? ಆಟೋ, ಬಸ್ಸಿನ ಹಾರ್ನು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಕೊಡೆ, ಬುರ್ಖಾ, ಯೂನಿಫಾರ್ಮಿನ ಮಕ್ಕಳು, ಕುಕ್ಕರ್ ಸೀಟಿ, ಮಿಕ್ಸಿ – ಎಲ್ಲ ಈಗಲೇ ಕಾಣಲಿ, ಕೇಳಲಿ. ಕಂಡಾಗ ಬಾಯಿಗೆ ಒಂದು ಚೂರು ತಿಂಡಿ. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ತೀರಾ ಸಣ್ಣಗೆ ಹಾಕಿ, ಊಟದ ಹೊತ್ತಿಗೆ ಕೇಳಿಸಿ. ದೀಪಾವಳಿಯ ದಿನ ಶುರು ಮಾಡಿದರೆ ಪ್ರಯೋಜನ ಇಲ್ಲ.

ಮರಿ ಮಂಕಾಗಿ, ವಾಂತಿ ಮಾಡಿ, ರಕ್ತ ಬೆರೆತ ಗಬ್ಬು ನಾತದ ಭೇದಿ ಆದರೆ ಅದೇ ದಿನ ಆಸ್ಪತ್ರೆ. ‘ನಾಳೆ ನೋಡೋಣ’ ಅನ್ನುವಷ್ಟು ಹೊತ್ತು ಪಾರ್ವೊ ಕೊಡಲ್ಲ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮರಿಗೆ ಹಾಲು ಅನ್ನ, ರಾಗಿ ಅಂಬಲಿ ಕೊಡ್ತಿದ್ದೇವೆ. ಸಾಕಲ್ವಾ?
– ಮೈಸೂರು

ಉತ್ತರ: ಸಾಲದು. ರಾಗಿ ಒಳ್ಳೆಯದೇ, ಆದರೆ ಬೆಳೆಯುವ ಮರಿಗೆ ಪ್ರೋಟೀನ್ ಬೇಕು. ಅನ್ನ, ಅಂಬಲಿ ಎರಡೂ ಹೊಟ್ಟೆ ತುಂಬಿಸುತ್ತವೆ ಅಷ್ಟೆ. ಹಸುವಿನ ಹಾಲು ಬಹಳ ಮರಿಗಳಿಗೆ ಭೇದಿ ತರಿಸುತ್ತೆ. ಮೊಸರು ಅದಕ್ಕಿಂತ ವಾಸಿ. ಮನೆಯಲ್ಲಿ ಮೊಟ್ಟೆ ಬೇಯಿಸಲು ಒಪ್ಪಿದರೆ ಅರ್ಧ ಚಿಂತೆ ಕಳೆಯಿತು. ಅದೂ ಆಗದಿದ್ದರೆ ಮರಿಗಳಿಗೆಂದೇ ಬರುವ ಒಳ್ಳೆಯ ಕಂಪನಿಯ ಒಣ ಆಹಾರ ತನ್ನಿ, ಮೊದಮೊದಲು ಬಿಸಿ ನೀರಲ್ಲಿ ನೆನೆಸಿ ಕೊಡಿ. ಅದನ್ನು ಕೊಡುತ್ತಿದ್ದರೆ ಮೇಲೆ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ, ಮೂಳೆಗೆ ತೊಂದರೆ. ಬರೀ ಕೋಳಿ ಮಾಂಸ, ಅನ್ನ ಹಾಕುವವರ ಮನೆಯಲ್ಲಿ ಇದಕ್ಕೆ ಉಲ್ಟಾ, ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುತ್ತೆ. ಅಂಥವರು ವೈದ್ಯರನ್ನು ಕೇಳಿ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು ಸಲ ಊಟ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಹುಳಿ ಕೊಡಬೇಡಿ. ಚಾಕಲೇಟ್ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಹಬ್ಬದ ದಿನ ಪಾಯಸ, ಕೇಸರಿಬಾತ್ ಪ್ರೀತಿಯಿಂದ ಹಾಕುವವರು ಇದನ್ನು ಎರಡು ಸಲ ಓದಿ. ಜ್ವರ ಬಂತು ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್, ನೋವಿನ ಮಾತ್ರೆ ಕೊಡಲೇಬೇಡಿ.

ಪ್ರಶ್ನೆ: ಮೂರೂವರೆ ತಿಂಗಳ ಮರಿ. ಆರು ವರ್ಷದ ಮಗಳ ಕಾಲು, ಫ್ರಾಕು ಹಿಡಿದು ಕಚ್ಚುತ್ತೆ. ಅವಳು ಕಿರುಚಿಕೊಂಡು ಓಡ್ತಾಳೆ. ಇದು ಸಿಟ್ಟಿನ ನಾಯಿ ಆಗುತ್ತಾ?
– ಶಿವಮೊಗ್ಗ

ಉತ್ತರ: ಇಲ್ಲ. ಅದಕ್ಕೆ ಇದು ಆಟ. ಮಗು ಕಿರುಚಿ ಓಡಿದಷ್ಟೂ ಆಟ ರಂಗೇರುತ್ತೆ. ಮಗಳಿಗೆ ‘ಮರ ಆಗೋದು’ ಕಲಿಸಿ: ಕೈ ಕಟ್ಟಿ, ಅಲ್ಲಾಡದೆ, ಆಕಾಶ ನೋಡುತ್ತಾ ನಿಲ್ಲೋದು. ಹಲ್ಲು ತಾಗಿದ ಕೂಡಲೇ ಆಟ ಬಂದ್, ಅರ್ಧ ನಿಮಿಷ ಮರಿಯ ಕಡೆ ಯಾರೂ ನೋಡಬಾರದು. ದೊಡ್ಡವರೂ ಹಾಗೇ ಮಾಡಬೇಕು. ಅಪ್ಪ ಕೈ ಕೊಟ್ಟು ಕಚ್ಚಿಸಿಕೊಂಡು ಆಡಿ, ಮಗಳನ್ನು ಕಚ್ಚಿದಾಗ ಬೈದರೆ ಮರಿಗೆ ಏನು ಅರ್ಥವಾಗಬೇಕು? ಇಬ್ಬರನ್ನೂ ಒಟ್ಟಿಗೆ ಬಿಟ್ಟು ದೊಡ್ಡವರು ಒಳಗೆ ಹೋಗಬೇಡಿ.

ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳಲು ಶುರು, ಏಳಕ್ಕೆ 42 ಗಟ್ಟಿ ಹಲ್ಲು ಪೂರ್ತಿ. ಅಲ್ಲಿಯವರೆಗೆ ಒಸಡು ಕಡಿತ. ಹಳೇ ಟವೆಲ್‌ಗೆ ಗಂಟು ಹಾಕಿ, ಒದ್ದೆ ಮಾಡಿ, ಫ್ರೀಜರ್‌ನಲ್ಲಿಟ್ಟು ಕೊಡಿ. ಹಳೇ ಚಪ್ಪಲಿ ಕೊಡಬೇಡಿ, ಹೊಸದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ.

ಒಂದು ಮಾತು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಆಟದಲ್ಲೇ ಆಗಲಿ, ಹಲ್ಲು ತಾಗಿ ಚರ್ಮ ತರಚಿದರೆ ಸೋಪು ಹಚ್ಚಿ, ಹರಿಯುವ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮರಿ ಸಣ್ಣದು ಅಂತ ರೇಬೀಸ್ ರಿಯಾಯಿತಿ ಕೊಡಲ್ಲ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ.

ಪ್ರಶ್ನೆ: ಐದು ತಿಂಗಳ ಗಂಡು. ಕೂರು ಅಂದರೆ ಕೂರುತ್ತೆ, ಕೈ ಕೊಡುತ್ತೆ. ಆದರೆ ಕರೆದರೆ ಬರಲ್ಲ.
– ದಾವಣಗೆರೆ

ಉತ್ತರ: ಕೈ ಕೊಡೋದು ನೆಂಟರಿಗೆ. ಜೀವ ಉಳಿಸೋದು ‘ಬಾ’. ನೀವು ಕರೆಯೋದು ಯಾವಾಗ ನೆನಪು ಮಾಡಿಕೊಳ್ಳಿ. ಸ್ನಾನಕ್ಕೆ, ಕಟ್ಟಿಹಾಕೋಕೆ, ಬೈಯೋಕೆ. ಯಾರು ಬರ್ತಾರೆ? ಒಂದಷ್ಟು ದಿನ ಹಾಗೆ ಕರೆಯಲೇಬೇಡಿ, ಬೇಕಾದಾಗ ನೀವೇ ಹೋಗಿ ಹಿಡಿದುಕೊಳ್ಳಿ. ಊಟದ ತಟ್ಟೆ ಹಿಡಿದಾಗ ‘ಬಾ’ ಅನ್ನಿ. ಉದ್ದ ಹಗ್ಗ ಕಟ್ಟಿ ಅಂಗಳದಲ್ಲಿ ಕರೆಯಿರಿ, ಬಂದರೆ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ. ಹತ್ತು ಸಲ ಕೂಗಬೇಡಿ. ಮನೆಮಂದಿಯೆಲ್ಲ ಒಂದೇ ಮಾತು ಹೇಳಿ. ಅಜ್ಜಿ ‘ಬಾರೋ’, ಮೊಮ್ಮಗ ‘ಕಮ್ ಹಿಯರ್’, ಅಪ್ಪ ಸೀಟಿ ಆದರೆ ಆಗಲ್ಲ. ನಮ್ಮ ಕಡೆ ಮನೆಯಲ್ಲಿ ಯಾರ ಹತ್ತಿರವೂ ಇಂಗ್ಲಿಷ್ ಆಡದವರು ನಾಯಿಯ ಹತ್ತಿರ ಮಾತ್ರ ಯಾಕೆ ಆಡ್ತಾರೋ!

ಪ್ರಶ್ನೆ: ಮರಿಗೆ ದೃಷ್ಟಿ ಆಗದಿರಲಿ ಅಂತ ಅಜ್ಜಿ ಕುತ್ತಿಗೆಗೆ ಕಪ್ಪು ದಾರ ಕಟ್ಟಿದ್ದಾರೆ. ಪರವಾಗಿಲ್ವಾ?
– ಹಾಸನ

ಉತ್ತರ: ಇವತ್ತೇ ಬಿಚ್ಚಿ. ಮರಿ ಬೆಳೆಯುತ್ತೆ, ದಾರ ಬೆಳೆಯಲ್ಲ. ಕೂದಲಿನೊಳಗೆ ಮುಚ್ಚಿಹೋಗಿ ಮಾಂಸದೊಳಗೆ ಇಳಿದಿರುತ್ತೆ, ಕೀವಿನ ನಾತ ಬಂದ ಮೇಲೆ ನಮ್ಮ ಹತ್ತಿರ ತರ್ತಾರೆ. ಅಂಥ ದಾರಗಳನ್ನು ಕತ್ತರಿಸಿ ತೆಗೆದಿದ್ದೇನೆ, ನೋಡೋಕಾಗಲ್ಲ. ಕುತ್ತಿಗೆ ಪಟ್ಟಿಯೂ ಅಷ್ಟೆ: ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ವಾರಕ್ಕೊಮ್ಮೆ ಬೆರಳು ಹಾಕಿ ನೋಡಬೇಕು. ಅಜ್ಜಿಗೆ ಸಮಾಧಾನ ಆಗದಿದ್ದರೆ ದಾರವನ್ನು ಗೇಟಿಗೆ ಕಟ್ಟಲಿ.